3,448ಕ್ಕೆ ಹತ್ತಿರದ ಸಾವಿರ ಯಾವುದು?

ಪ್ರಶ್ನೆ: 3,448 ಅನ್ನು ಹತ್ತಿರದ ಸಾವಿರಕ್ಕೆ ರೌಂಡ್ ಆಫ್ ಮಾಡಬೇಕಿತ್ತು. ನನ್ನ ಮಗಳು ಬಿಡಿಸ್ಥಾನದಿಂದ ಆರಂಭಿಸಿ 3,450, ಬಳಿಕ 3,500, ಕೊನೆಗೆ 4,000 ಎಂದು ಬರೆದಳು. ಪುಸ್ತಕದ ಉತ್ತರ 3,000. ಪ್ರತಿ ಹಂತದಲ್ಲೂ ನಿಯಮ ಪಾಲಿಸಿದ್ದರೂ ಉತ್ತರ ತಪ್ಪಿದ್ದು ಹೇಗೆ? 5 ಬಂದಾಗ ಮೇಲಕ್ಕೇ ಏಕೆ ಹೋಗಬೇಕು?

ಉತ್ತರ: ಪುಸ್ತಕದ ಉತ್ತರವೇ ಸರಿ. ಹತ್ತಿರದ ಸಾವಿರಕ್ಕೆ ಅಂದಾಜಿಸುವುದೆಂದರೆ, ಕೊಟ್ಟ ಸಂಖ್ಯೆಯ ಎರಡೂ ಬದಿಗಿರುವ ಸಾವಿರಗಳಲ್ಲಿ ಯಾವುದು ಅದಕ್ಕೆ ಸಮೀಪ ಎಂದು ನೋಡುವುದು, ಅಷ್ಟೇ. 3,448ರಿಂದ 3,000ಕ್ಕೆ 448ರ ಅಂತರವಿದೆ, 4,000ಕ್ಕೆ 552ರ ಅಂತರವಿದೆ. ನಿಮ್ಮ ಮಗಳು ಮೊದಲ ಹಂತದಲ್ಲಿ 2 ಸೇರಿಸಿ 3,450 ಮಾಡಿದಾಗ, 3,400 ಮತ್ತು 3,500ರ ನಡುಬಿಂದುವಿಗಿಂತ ಸ್ವಲ್ಪ ಕೆಳಗಿದ್ದ ಸಂಖ್ಯೆ ಸರಿಯಾಗಿ ಆ ನಡುಬಿಂದುವಿನ ಮೇಲೆಯೇ ಬಂದು ಕೂತಿತು. ಆದ್ದರಿಂದ ಎರಡನೆಯ ಹಂತದಲ್ಲಿ ಅದು 3,500ಕ್ಕೆ ಏರಿತು, ಮೂರನೆಯದರಲ್ಲಿ ಮತ್ತೆ ನಡುಬಿಂದುವೇ ಎದುರಾಗಿ 4,000 ಆಯಿತು. ಅವಳು ಕೊನೆಗೆ ಅಂದಾಜಿಸಿದ್ದು 3,448 ಅನ್ನಲ್ಲ, ತಾನೇ 52 ಕೂಡಿಸಿ ಮಾಡಿಕೊಂಡ ಬೇರೊಂದು ಸಂಖ್ಯೆಯನ್ನು. ಜಾಣ ಮಕ್ಕಳೂ ಮಾಡುವ ತಪ್ಪಿದು, ಏಕೆಂದರೆ ಹೆಚ್ಚಿನ ಸಂಖ್ಯೆಗಳಲ್ಲಿ ಈ ದಾರಿಯಲ್ಲೂ ಸರಿಯುತ್ತರವೇ ಸಿಗುತ್ತದೆ.

ಕ್ರಮ ಹೀಗಿರಲಿ: ಯಾವ ಸ್ಥಾನಕ್ಕೆ ಅಂದಾಜಿಸಬೇಕೋ ಅದರ ಬಲಕ್ಕಿರುವ ಒಂದೇ ಅಂಕಿಯನ್ನು, ಅದೂ ಮೂಲ ಸಂಖ್ಯೆಯಲ್ಲೇ, ನೋಡಬೇಕು. ಇಲ್ಲಿ ನೂರರ ಸ್ಥಾನದಲ್ಲಿ 4 ಇರುವುದರಿಂದ ಸಾವಿರದ ಸ್ಥಾನದ 3 ಬದಲಾಗುವುದಿಲ್ಲ, ಉಳಿದ ಸ್ಥಾನಗಳಿಗೆ ಸೊನ್ನೆ ಬರುತ್ತದೆ.

ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯಕರ. 3,500 ಎರಡೂ ಸಾವಿರಗಳಿಂದ ಸಮಾನ ದೂರದಲ್ಲಿರುವುದರಿಂದ ಅಲ್ಲಿ ‘ಹತ್ತಿರ’ ಎಂಬುದಕ್ಕೆ ಅರ್ಥವೇ ಇಲ್ಲ. ಮೇಲಕ್ಕೆ ಹೋಗುವುದು ಒಂದು ಒಪ್ಪಂದ ಮಾತ್ರ. ಆದರೂ ಅದರಲ್ಲೊಂದು ಅನುಕೂಲವಿದೆ. 3,501ರಿಂದ 3,599ರವರೆಗಿನ ಪ್ರತಿ ಸಂಖ್ಯೆಯೂ ನಿಸ್ಸಂದೇಹವಾಗಿ 4,000ಕ್ಕೇ ಸಮೀಪವಾದ್ದರಿಂದ, 3,500 ಅನ್ನೂ ಅವುಗಳ ಜೊತೆಗೇ ಸೇರಿಸಿಬಿಟ್ಟರೆ ನೂರರ ಸ್ಥಾನದಲ್ಲಿ 5 ಕಂಡೊಡನೆ ಮುಂದಿನ ಅಂಕಿಗಳನ್ನು ನೋಡದೆಯೇ ತೀರ್ಮಾನಿಸಬಹುದು. ಅದನ್ನು ಕೆಳಕ್ಕಿಳಿಸುವ ಒಪ್ಪಂದವಿದ್ದಿದ್ದರೆ, ಪ್ರತಿ ಬಾರಿಯೂ ಉಳಿದವೆಲ್ಲ ಸೊನ್ನೆಗಳೇ ಎಂದು ಪರೀಕ್ಷಿಸಬೇಕಾಗುತ್ತಿತ್ತು.

ಹಾಗೆಂದು ಈ ಒಪ್ಪಂದ ದೋಷಮುಕ್ತವೇನಲ್ಲ. 0.5, 1.5, 2.5, 3.5 ಇವುಗಳ ನಿಜವಾದ ಮೊತ್ತ 8. ಎಲ್ಲವನ್ನೂ ಮೇಲಕ್ಕೇರಿಸಿ 1, 2, 3, 4 ಎಂದು ಕೂಡಿದರೆ 10 ಆಗುತ್ತದೆ. ಉದ್ದನೆಯ ಲೆಕ್ಕಗಳಲ್ಲಿ ಈ ಏರಿಕೆ ಗುಡ್ಡೆಯಾಗದಿರಲೆಂದು ನಡುಬಿಂದುವನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವ ಇನ್ನೊಂದು ಪದ್ಧತಿಯಿದೆ: ಆಗ 0, 2, 2, 4 ದೊರೆತು ಮೊತ್ತ ಮತ್ತೆ 8 ಆಗುತ್ತದೆ. ಪೈಥಾನ್ 3 ಎಂಬ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2.5 ಅನ್ನು ಪೂರ್ಣಾಂಕಕ್ಕೆ ಅಂದಾಜಿಸಲು ಹೇಳಿದರೆ 2 ಬರುವುದು ಇದೇ ಕಾರಣಕ್ಕೆ. ಒಂದೇ ದಿಕ್ಕಿನ ಸಣ್ಣ ದೋಷಗಳು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಉದಾಹರಣೆಯಿದೆ. 1982ರಲ್ಲಿ 1,000ದಿಂದ ಆರಂಭವಾದ ಅದರ ಸೂಚ್ಯಂಕವನ್ನು ಪ್ರತಿ ಬಾರಿ ಲೆಕ್ಕ ಹಾಕುವಾಗಲೂ ಮೂರು ದಶಮಾಂಶ ಸ್ಥಾನಗಳ ಆಚೆಗಿನ ಅಂಕಿಗಳನ್ನು ಅಂದಾಜಿಸದೆ ಕತ್ತರಿಸಿಬಿಡುತ್ತಿದ್ದರು. 1983ರ ನವೆಂಬರ್ ವೇಳೆಗೆ ಅದು ಸುಮಾರು 520ಕ್ಕೆ ಇಳಿದಿತ್ತು, ಸರಿಯಾಗಿ ಲೆಕ್ಕ ಹಾಕಿದಾಗ 1,098ನ್ನು ದಾಟಿತು.

ಶಾಲೆಯ ಲೆಕ್ಕಗಳಲ್ಲಿ, ಬೇರೆ ಸೂಚನೆ ಇಲ್ಲದಿದ್ದರೆ, ನಿಮ್ಮ ಮಗಳು 3,500ಕ್ಕೆ 4,000 ಎಂದೇ ಬರೆಯಲಿ.