ಗೌರಿಬಿದನೂರಿನಿಂದ ಸ್ಟವಾಂಗರ್‌ಗೆ ಬರುವ ತಂಗಿಗೆ

ನೀನು ಅಣ್ಣ ಎಂದು ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟಿದ್ದೇನೆ. ನಾರ್ವೆಗೆ ಓದಲು ಹೊರಟವಳು ಚಳಿ, ಮನೆ, ಊಟದ ಬಗ್ಗೆ ಕೇಳಿ, ಕೊನೆಗೆ ‘ದೇಶ ಬಿಟ್ಟು ಬಂದ ಲೇಖಕರ ಮೇಲೆ ಪ್ರಬಂಧ ಬರೆಯಬೇಕು, ಅವರನ್ನು ಮಾತನಾಡಿಸುವುದು ಹೇಗೆ?’ ಎಂದಿದ್ದೀಯ.

ಚಳಿಗಿಂತ ಇಲ್ಲಿ ಗಾಳಿ ಮಳೆಯದೇ ಕಾಟ. ಕೊಡೆ ಬಾಳುವುದಿಲ್ಲ, ಗಟ್ಟಿ ರೈನ್‌ಕೋಟ್ ಕೊಂಡುಕೊ. ಮನೆಯ ಅಡ್ವಾನ್ಸ್ ಹಣವನ್ನು ಮಾಲೀಕರ ಕೈಗೆ ಕೊಡಬೇಡ. ಅದಕ್ಕೆಂದೇ ನಿನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬೇಕೆಂಬ ಕಾನೂನಿದೆ. ಊಟದ ವಿಷಯ ನಿನಗೆ ಹೇಳಬೇಕೆ? ಮುದ್ದೆ ಕೋಲು ಮರೆಯಬೇಡ.

ಇನ್ನು ಲೇಖಕರ ವಿಷಯ. ಬೆದರಿಕೆಗೆ ಗುರಿಯಾದ ಬರಹಗಾರರಿಗೆ ಆಸರೆ ಕೊಡುವ ನಗರಗಳ ಒಕ್ಕೂಟ ಐಕಾರ್ನ್ 2006ರಲ್ಲಿ ಶುರುವಾಯಿತು, ಅದರ ಕಚೇರಿ ಇದೇ ಊರಿನಲ್ಲಿದೆ. ಇದನ್ನು ಬರೀ ಎಣ್ಣೆ ಕಂಪನಿಗಳ ಊರು ಎಂದುಕೊಂಡವರಿಗೆ ನಾನು ಜಂಬದಿಂದಲೇ ಹೇಳುತ್ತೇನೆ. ನಾನು ಬಂದ ಹೊಸತರಲ್ಲಿ ನಾರ್ವೇಜಿಯನ್ ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದವನು ಒಬ್ಬ ಕವಿ. ಗೌರಿ ಹಬ್ಬಕ್ಕೆಂದು ನಾನು ಟಿಕೆಟ್ ತೆಗೆಸಿದ ದಿನ ಅವನು ತನ್ನ ಪ್ರಯಾಣ ಪತ್ರ ತೆರೆದು ತೋರಿಸಿದ. 1951ರ ನಿರಾಶ್ರಿತರ ಒಪ್ಪಂದದಡಿ ಕೊಡುವಂಥದ್ದು. ಹುಟ್ಟಿದ ದೇಶವೊಂದನ್ನು ಬಿಟ್ಟು ಉಳಿದೆಡೆಗೆಲ್ಲ ಅದು ನಡೆಯುತ್ತದೆ. ‘ಊರಿಗೆ ಯಾವಾಗ?’ ಎಂದು ಮಾತು ಶುರು ಮಾಡುವ ಜನ ನಾವು. ಇವರ ಬಳಿ ಅದನ್ನು ಕೇಳಬೇಡ.

ಅವನಿಗೆ ನಮ್ಮ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದ ಕಥೆ ಹೇಳಿದ್ದೆ. 1938ರ ಏಪ್ರಿಲ್ 25, ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರ ಗುಂಡು. ನಿನಗೆ ಬಿಡಿಸಿ ಹೇಳಬೇಕಿಲ್ಲ. ಎಷ್ಟು ಜನ ಸತ್ತರು ಎಂದು ಅವನು ಕೇಳಲಿಲ್ಲ. ‘ತಪ್ಪಿಸಿಕೊಂಡು ಮನೆ ಸೇರಿದವರ ಬಾಗಿಲಿಗೆ ಆಮೇಲೆ ಯಾರು ಬಂದರು?’ ಎಂದ. ಶಾಲೆಯಿಂದ ವರ್ಷವರ್ಷವೂ ಆ ಸ್ಮಾರಕಕ್ಕೆ ಹೋಗಿ ಬಂದ ನನಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ. ಮುಂದೊಂದು ಕವಿಗೋಷ್ಠಿಯಲ್ಲಿ ಯಾರೋ ಅಭಿಮಾನದಿಂದಲೇ ಅವನ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ವಾರದೊಳಗೆ ಅವನು ಬಿಟ್ಟು ಬಂದ ದೇಶದಲ್ಲಿ ಅವನ ತಮ್ಮನನ್ನು ಠಾಣೆಗೆ ಕರೆಸಿ ಸಂಜೆಯವರೆಗೆ ಕೂರಿಸಿದರು. ಆಮೇಲೆ ಅವನು ವೇದಿಕೆ ಹತ್ತಲಿಲ್ಲ. ಬರೆಯುತ್ತಿದ್ದಾನೆಯೇ ಎಂದು ಕೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಮೊದಲ ಭೇಟಿಯಲ್ಲಿ ಮೊಬೈಲ್ ಚೀಲದಲ್ಲೇ ಇರಲಿ. ಹೆಸರು, ಊರು, ಒಡಹುಟ್ಟಿದವರ ವಿವರ ಯಾವುದನ್ನೂ ಬರೆದುಕೊಳ್ಳಬೇಡ. ಪ್ರಬಂಧವನ್ನು ಅವರಿಗೆ ಓದಲು ಕೊಟ್ಟು, ಅವರು ಹೂಂ ಎಂದ ಮೇಲೆಯೇ ವಿಶ್ವವಿದ್ಯಾಲಯಕ್ಕೆ ಕೊಡು. ಗುರುತು ತೆಗೆದರೆ ಬರಹ ಸಪ್ಪೆಯಾಗುತ್ತದೆ ಎಂದು ನಿನ್ನ ಮೇಷ್ಟ್ರು ಹೇಳಬಹುದು. ಸಪ್ಪೆಯಾಗಲಿ ಬಿಡು.

ವಿಮಾನದ ದಿನ ಗೊತ್ತಾದರೆ ತಿಳಿಸು, ಸೋಲಾ ನಿಲ್ದಾಣಕ್ಕೆ ಕಾರು ತರುತ್ತೇನೆ.