ಓಡುವುದಕ್ಕೆ ದೇವರ ನೆಪ ಬೇಕೇ?

ಪ್ರಶ್ನೆ: ಬೀದರಿನ ಮೆಥಡಿಸ್ಟ್ ಕ್ರೈಸ್ತ ಕುಟುಂಬದ ಹುಡುಗಿ ನಾನು. ದಪ್ಪಗಿದ್ದೇನೆಂದು ಗಂಡಿನ ಕಡೆಯವರು ಬೇಡವೆಂದಾಗ ಹಟಕ್ಕೆ ಬಿದ್ದು ಓಡಲು ಶುರುಮಾಡಿದೆ. ಈಗ ಬೆಳಿಗ್ಗೆ ಬರೀದ್ ಶಾಹಿ ಗೋರಿಗಳ ಕಡೆ ಓಡದಿದ್ದರೆ ಚಡಪಡಿಕೆ. ಅಂದು ರಾತ್ರಿ ಊಟ ಬಿಡುತ್ತೇನೆ. ‘ದೇವರ ಮಹಿಮೆಗಾಗಿ ಓಡುತ್ತೇನೆ’ ಎಂದು ಚರ್ಚಿನ ಯೌವನಸ್ಥರ ಕೂಟದಲ್ಲಿ ಸಾಕ್ಷಿ ಹೇಳಲು, ಅಂದರೆ ನನ್ನ ನಂಬಿಕೆಯ ಅನುಭವ ಹಂಚಿಕೊಳ್ಳಲು, ಸಭಾಪಾಲಕರು (ಪಾಸ್ಟರ್) ಕೇಳಿದ್ದಾರೆ. ಓಡುವಾಗ ನಾನು ಪ್ರಾರ್ಥಿಸುವುದೂ ಇಲ್ಲ. ದೇಹಸಾಧನೆಯಿಂದ ಲಾಭ ಅಷ್ಟಕ್ಕಷ್ಟೇ ಎಂದು ಅಮ್ಮ ಬೈಬಲ್ ವಾಕ್ಯ ತೋರಿಸುತ್ತಾರೆ. ನನ್ನದು ಸುಳ್ಳು ಭಕ್ತಿಯೇ?

ಉತ್ತರ: ನಿಮ್ಮ ಭಕ್ತಿಯನ್ನು ಅಳೆಯಲು ನಾನು ಯಾರು? ಬೇರೆಯವರು ಹೇಳಿಕೊಟ್ಟ ಸಾಕ್ಷಿಯನ್ನು ಮಾತ್ರ ಒಪ್ಪಿಸಬೇಡಿ.

ಸಭಾಪಾಲಕರ ಮನಸ್ಸಿನಲ್ಲಿ ಎರಿಕ್ ಲಿಡೆಲ್ ಇರಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಆರಂಭಿಕ ಸುತ್ತು ಆರಾಧನೆಯ ದಿನವಾದ ಭಾನುವಾರ ಬಂತೆಂದು ಬಿಟ್ಟುಕೊಟ್ಟು, 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದವರು; ಮರುವರ್ಷವೇ ಮಿಷನರಿಯಾಗಿ ಚೀನಾಕ್ಕೆ ಹೋದವರು. ದೊಡ್ಡ ಜೀವ. ಆದರೆ ಈ ಕಥೆ ಕೇಳಿ ಕೇಳಿ ನಮ್ಮ ಹುಡುಗರು ಬೂಟಿನ ಲೇಸು ಕಟ್ಟುವ ಮೊದಲೇ ಸಾಕ್ಷಿ ಸಿದ್ಧಮಾಡಿಕೊಳ್ಳುತ್ತಾರೆ! ಹಿಂದೆ ಗ್ರೀಸಿನ ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಆ ಊರಿನವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಓಟಗಾರರ ಶಿಸ್ತನ್ನು ಎತ್ತಿ ತೋರಿಸುತ್ತಾನೆ. ಅವರು ಓಡಿದ್ದು ಬಾಡಿಹೋಗುವ ಕಿರೀಟಕ್ಕೆ ಎಂದು ಗೊತ್ತಿದ್ದೂ ಅವರನ್ನು ಗದರಲಿಲ್ಲ. ಅಮ್ಮ ತೋರಿಸುವ ವಾಕ್ಯವೂ ಓಡಬೇಡ ಎನ್ನುವುದಿಲ್ಲ. ಭಕ್ತಿಯ ಮುಂದೆ ವ್ಯಾಯಾಮದ ಪಾಲು ಸಣ್ಣದು ಎನ್ನುತ್ತದೆ. ಅಷ್ಟರಮಟ್ಟಿಗೆ ಅಮ್ಮನ ಮಾತು ಸರಿಯೇ.

ನನಗೆ ಚುಚ್ಚಿದ್ದು ಊಟ ಬಿಡುವ ಮಾತು. ಚಹಾ ಕುಡಿದು ಎದ್ದುಹೋದ ಆ ಜನ ನಿಮ್ಮ ತಟ್ಟೆಯ ರೊಟ್ಟಿಯನ್ನು ಇನ್ನೂ ಎಣಿಸುತ್ತಿದ್ದಾರಲ್ಲ! ಸಿಟ್ಟಿನಿಂದ ಓಟ ಶುರುವಾದರೆ ತಪ್ಪೇನಿಲ್ಲ. ಹಸಿವನ್ನು ದಂಡವಾಗಿ ತೆರುವುದು ತಪ್ಪು. ಓಡದ ದಿನವೂ ಹೊಟ್ಟೆ ತುಂಬ ಉಣ್ಣಿ. ವಾರದಲ್ಲಿ ಒಂದು ದಿನ ಬೇಕೆಂದೇ ಓಡಬೇಡಿ. ಅಂದು ತುತ್ತು ಗಂಟಲಲ್ಲಿ ಇಳಿಯದಿದ್ದರೆ, ಮುಟ್ಟು ಏರುಪೇರಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಪ್ರಾರ್ಥನೆಯಿಂದಲೇ ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ, ಪ್ರಾರ್ಥನೆ ಮಾಡಿಯೇ ಆಸ್ಪತ್ರೆಗೆ ಹೋಗಿ.

ಕೂಟದಲ್ಲಿ ಮಾತಾಡುವುದಾದರೆ ಇದ್ದದ್ದನ್ನು ಹೇಳಿ: ಅವಮಾನವಾಗಿತ್ತು, ಓಡಿದೆ, ಈಗ ಓಟವೇ ಇಷ್ಟವಾಗಿದೆ. ಅದೇ ಮಾತು ಕೇಳಿಸಿಕೊಂಡ ಹುಡುಗಿಯರು ಹಿಂದಿನ ಸಾಲಿನಲ್ಲಿ ಇದ್ದೇ ಇರುತ್ತಾರೆ. ಸಭಾಪಾಲಕರಿಗೆ ಮೊದಲೇ ತಿಳಿಸಿಬಿಡಿ. ಅವರು ಒಪ್ಪದಿದ್ದರೆ, ಸಾಕ್ಷಿ ಬೇಡ, ಒಂದು ಹಾಡು ಹಾಡುತ್ತೇನೆ ಎನ್ನಿ.