ಪ್ರತಿಕ್ರಿಯೆ: ಆಗಸ್ಟ್‌ನಲ್ಲಿ ಕಾಂಕಾಲ್‌ನಲ್ಲಿ ಟೆಂಟಿಗೆ ಜಾಗ
ಹಿಂದೆ ಜೂನ್‌ನಲ್ಲಿ ಬುಕಿಂಗ್ ಇಲ್ಲದೆಯೇ ನಿಮಗೆ ಸಿಕ್ಕಿದ್ದ ಟೆಂಟ್ ಜಾಗ ಫ್ರಾನ್ಸಿನ ಬ್ರಿಟನಿ ಪ್ರದೇಶದ ಕರಾವಳಿ ಊರಾದ ಕಾಂಕಾಲ್‌ನಲ್ಲಿ ಈಗ ಆಗಸ್ಟ್‌ಗೆ ಸಿಗದಿರಲು ಬಹುಶಃ ಅಲ್ಲಿನ ಶಾಲಾ ರಜೆಯೇ ಕಾರಣ. ಅದರಲ್ಲೂ ಆಗಸ್ಟ್ 15ರ ಕ್ರೈಸ್ತ ಹಬ್ಬದ ರಜೆಯ ಆಸುಪಾಸಿನಲ್ಲಿ ಇಡೀ ಕರಾವಳಿ ಕಿಕ್ಕಿರಿದಿರುತ್ತದೆ. ಮೊದಲು ಸೆಪ್ಟೆಂಬರ್‌ಗೆ ಮುಂದೂಡಲಾದೀತೇ ನೋಡಿ. ಆಗದಿದ್ದರೆ ಇಡೀ ವಾರ ಕೇಳುವ ಬದಲು, ವಿದ್ಯುತ್ ಸಂಪರ್ಕವಿಲ್ಲದ ಜಾಗವನ್ನು ಒಂದೆರಡು ರಾತ್ರಿಗೆ ಮಾತ್ರ ಕ್ಯಾಂಪಿಂಗ್ ತಾಣಗಳಿಗೇ ಫೋನ್ ಮಾಡಿ ವಿಚಾರಿಸಿ. ಆನ್‌ಲೈನ್‌ನಲ್ಲಿ ಭರ್ತಿಯೆಂದು ತೋರಿಸುತ್ತಿದ್ದ ಕಡೆಯೇ ನನಗೆ ಹೀಗೆ ಜಾಗ ಸಿಕ್ಕಿತ್ತು, ಆದರೆ ಪ್ರತಿ ಸಲವೂ ಸಿಕ್ಕೀತೆನ್ನಲಾರೆ. ಅದೂ ಕೈಕೊಟ್ಟರೆ ಒಳನಾಡಿನ ದೊಲ್-ದ-ಬ್ರತಾಞ್ ಪಟ್ಟಣದ ಸುತ್ತ ಟೆಂಟ್ ಹಾಕಿಕೊಂಡು ಹಗಲಲ್ಲಿ ಕಾಂಕಾಲ್‌ಗೆ ಬನ್ನಿ. ಬರುವ ದಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿಕೊಂಡು ಇಳಿತದ ಹೊತ್ತಿಗೆ ಬಂದರಿನ ಬಳಿ ಇದ್ದರೆ, ನೀರು ಸರಿದ ಕೆಸರಿನ ಮೇಲೆ ಆಯ್ಸ್ಟರ್ (ತಿನ್ನುವ ಸಿಂಪಿ) ಸಾಕಣೆಯ ಸಾಲುಗಳೂ, ತಿಂದವರು ನಿಂಬೆಹಣ್ಣು ಹಿಂಡಿ ಅಲ್ಲೇ ಎಸೆದ ಚಿಪ್ಪುಗಳ ರಾಶಿಯೂ ಕಾಣುತ್ತವೆ.